ಮಳೆಯಲ್ಲಿ ನೆಂದ ಹಳೇ ರೈಡಿಂಗ್ ಬೂಟು: ತೊಳೆಯೋದು, ಒಣಗಿಸೋದು, ಎಣ್ಣೆ ಕುಡಿಸೋದು ಹೇಗೆ

ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದು ಬಂದ ಬೂಟು ಹೇಗಿರುತ್ತೆ ಅಂತ ಬೈಕ್ ಓಡಿಸೋರಿಗೆ ಬಿಡಿಸಿ ಹೇಳ್ಬೇಕಿಲ್ಲ. ಮುಂದಿನ ಚಕ್ರ ಎರಚಿದ ಕೆಮ್ಮಣ್ಣು ಹೊಲಿಗೆ ಸಂದಿಗೆಲ್ಲ ತುಂಬಿರುತ್ತೆ, ಬಲಗಾಲಿನ ಪಕ್ಕದಲ್ಲಿ ಸೈಲೆನ್ಸರ್ ಶಾಖಕ್ಕೆ ಅದೇ ಮಣ್ಣು ಹೆಕ್ಕಳಿಕೆ ಕಟ್ಟಿರುತ್ತೆ, ಎಡಗಾಲಿನ ಬೆರಳ ಮೇಲೆ ಗೇರ್ ಲಿವರ್ ಉಜ್ಜಿ ಉಜ್ಜಿ ಬಣ್ಣ ಹೋಗಿ ಚರ್ಮದ ನಾರು ಕಾಣ್ತಿರುತ್ತೆ. ಹಳೇ ಬುಲೆಟ್ ಓಡಿಸಿದೋರಿಗಾದ್ರೆ ಈ ಗುರುತು ಬಲಗಾಲಲ್ಲಿ, ಯಾಕಂದ್ರೆ ಅದರ ಗೇರ್ ಬಲಕ್ಕೇ ಇತ್ತು. ಇಂಥ ಬೂಟನ್ನ ಮತ್ತೆ ಹೊಸದು ಮಾಡೋಕಾಗಲ್ಲ, ಆದ್ರೆ ಇನ್ನೂ ಎಷ್ಟೋ ಮಳೆಗಾಲ ಕಾಲು ಕಾಯೋ ಹಾಗೆ ಇಟ್ಕೋಬಹುದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನೀರಿಗೆ ಬೂಟು ಹಾಳಾಗೋದು ಕಮ್ಮಿ, ನಾವು ಆತುರಕ್ಕೆ ಒಣಗಿಸ್ತೀವಲ್ಲ, ಅದಕ್ಕೇ ಹಾಳಾಗೋದು ಜಾಸ್ತಿ. ನನ್ನ ಮೊದಲನೇ ಜೊತೆ ಹೋಗಿದ್ದು ಹಾಗೇ. ತೀರ್ಥಹಳ್ಳಿ ಹತ್ರ ದೊಡ್ಡಮ್ಮನ ಮನೆಗೆ ತೊಪ್ಪೆಯಾಗಿ ಹೋಗಿದ್ದೆ, ರಾತ್ರಿ ಬಚ್ಚಲ ಒಲೆ ಬುಡದಲ್ಲಿ ಬೂಟು ಇಟ್ಟು ಮಲಗಿದೆ. ಬೆಳಿಗ್ಗೆ ಒಣಗೇನೋ ಒಣಗಿತ್ತು, ಆದ್ರೆ ಒಣ ಅಡಿಕೆ ಹಾಳೆ ಥರ ಸೆಟೆದು ನಿಂತಿತ್ತು, ಕಾಲು ತೂರಿಸಿ ಒಂದು ಹೆಜ್ಜೆ ಇಡ್ತಿದ್ದ ಹಾಗೆ ಬೆರಳು ಮಡಿಸೋ ಜಾಗದಲ್ಲಿ ಅಡ್ಡಕ್ಕೆ ಸಣ್ಣಗೆ ಸೀಳು ಬಿಡ್ತು. "ಬೆಂಕಿ ಬುಡದಲ್ಲಿ ಯಾರಾದ್ರೂ ಇಡ್ತಾರೇನೋ, ಅದೂ ಚರ್ಮನೇ ಅಲ್ವೇನೋ" ಅಂದ್ರು ದೊಡ್ಡಮ್ಮ. ಆ ಸೀಳು ಮತ್ತೆ ಕೂಡಲೇ ಇಲ್ಲ.

ಅವರು ಹೇಳಿದ್ದು ಸರಿಯಾಗೇ ಇತ್ತು. ಚರ್ಮ ಅಂದ್ರೆ ಕೊಲಾಜೆನ್ ಅನ್ನೋ ಪ್ರೋಟೀನ್ ನಾರಿನ ಹೆಣಿಗೆ, ಹದ ಮಾಡುವಾಗ ಹಾಕಿದ ಕೊಬ್ಬು ಎಣ್ಣೆ ಆ ನಾರುಗಳ ನಡುವೆ ಕೂತು ಒಂದರ ಮೇಲೊಂದು ಜಾರೋಕೆ ಬಿಡುತ್ತೆ, ಹಾಗಾಗಿ ಬೂಟು ಬಾಗುತ್ತೆ. ನೆಂದ ಚರ್ಮಕ್ಕೆ ಜೋರು ಶಾಖ ತಾಗಿದ್ರೆ ನಾರು ಕುಗ್ಗಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ, ಆಮೇಲೆ ಬಗ್ಗಿಸಿದ್ರೆ ಮುರಿಯುತ್ತೆ. ಸೋಲ್ ಹಿಡಿದಿರೋ ಗಮ್ಮೂ ಅದೇ ಶಾಖಕ್ಕೆ ಸಡಿಲ ಆಗುತ್ತೆ. ಒಲೆ, ಹೀಟರ್, ಹೇರ್ ಡ್ರೈಯರ್, ಸುಡು ಬಿಸಿಲು ಯಾವುದೂ ಬೇಡ.

ಕೆಲಸ ಶುರು ಮಾಡೋಕೆ ಮುಂಚೆ ನಿಮ್ಮ ಬೂಟು ಯಾವ ಜಾತಿದು ಅಂತ ನೋಡ್ಕೊಳ್ಳಿ. ಮೇಲ್ಮೈ ನುಣ್ಣಗಿರೋ ಚರ್ಮ ಆದ್ರೆ ಕೆಳಗೆ ಹೇಳೋದೆಲ್ಲ ಅನ್ವಯಿಸುತ್ತೆ. ಸ್ವೇಡ್ ಅಥವಾ ನೂಬಕ್, ಅಂದ್ರೆ ಕೈಯಾಡಿಸಿದ್ರೆ ರೋಮ ರೋಮ ಅನ್ಸೋದು, ಅದಕ್ಕೆ ಎಣ್ಣೆ ಮೇಣ ಮುಟ್ಟಿಸಲೇಬಾರದು, ರೋಮ ಅಂಟಿ ಕಪ್ಪಾಗಿಬಿಡುತ್ತೆ, ಅದಕ್ಕಂತ ಬೇರೆ ಬ್ರಷ್, ಬೇರೆ ಸ್ಪ್ರೇ ಸಿಗುತ್ತೆ. ಒಳಗೆ ಗೋರ್‌ಟೆಕ್ಸ್ ಥರದ ವಾಟರ್‌ಪ್ರೂಫ್ ಪದರ ಇದ್ರೆ ಗ್ರೀಸ್ ಥರ ದಪ್ಪಗಿರೋದನ್ನ ಬಳೀಬೇಡಿ, ಬೆವರಿನ ಆವಿ ಹೊರಗೆ ಹೋಗೋ ದಾರಿ ಮುಚ್ಚಿ ಹೋಗುತ್ತೆ. ಮೈಕ್ರೋಫೈಬರ್, ಅಂದ್ರೆ ಚರ್ಮದ ಥರ ಕಾಣೋ ಕೃತಕ ನಾರಿನ ಬೂಟಿಗೆ ಒದ್ದೆ ಬಟ್ಟೆ ಸಾಕು, ಅದು ಎಣ್ಣೆ ಕುಡಿಯಲ್ಲ.

ಮೊದಲು ಲೇಸು ಬಿಚ್ಚಿ, ಇನ್‌ಸೋಲ್ ಎಳೆದು ತೆಗೀರಿ, ಎರಡನ್ನೂ ಬೇರೆ ತೊಳೆದು ನೆರಳಲ್ಲಿ ಹಾಕಿ. ಮಣ್ಣು ಒಣಗಿದ್ರೆ ಕುದುರೆ ಕೂದಲಿನ ಬ್ರಷ್‌ನಲ್ಲಿ ಉದುರಿಸಿ, ಹಸಿಯಿದ್ರೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೀರಿ, ಉಜ್ಜಬೇಡಿ, ಆ ಮಣ್ಣಲ್ಲಿರೋ ಮರಳು ಉಪ್ಪುಕಾಗದದ ಕೆಲಸ ಮಾಡುತ್ತೆ. ಸೋಲು ಮತ್ತೆ ಚರ್ಮ ಸೇರೋ ಹೊಲಿಗೆ ಸಾಲಿಗೆ ಹಳೇ ಟೂತ್ ಬ್ರಷ್ ಹಿಡ್ಕೊಳ್ಳಿ, ಬೂಟು ಬಿಚ್ಕೊಳ್ಳೋದು ಅಲ್ಲಿಂದಾನೆ, ಅಲ್ಲಿ ಕೂತ ಮಣ್ಣು ದಾರವನ್ನ ಕೊರೆದು ಕೊರೆದು ತಿನ್ನುತ್ತೆ. ಜಿಪ್ಪಿನ ಹಲ್ಲಿಗೂ ಅದೇ ಬ್ರಷ್, ಆಮೇಲೆ ಮೇಣದಬತ್ತಿಯಿಂದ ಎರಡು ಸಲ ಸವರಿದ್ರೆ ಸರಾಗ ಓಡುತ್ತೆ. ವೆಲ್ಕ್ರೋದಲ್ಲಿ ಸಿಕ್ಕಿರೋ ಕೂದಲು ದಾರ ತೆಗೆಯೋಕೆ ಸೇಫ್ಟಿ ಪಿನ್ ಸಾಕು.

ಆಮೇಲೆ ಸ್ಯಾಡಲ್ ಸೋಪ್, ಕುದುರೆ ಜೀನು ತೊಳೆಯೋಕೆ ಅಂತಲೇ ಹುಟ್ಟಿದ ಸೋಪು ಅದು. ಒದ್ದೆ ಸ್ಪಂಜಿಗೆ ಸ್ವಲ್ಪ ತಗೊಂಡು ನೊರೆ ಬರಿಸಿ, ಆ ನೊರೆಯಿಂದ ಸುತ್ತ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ, ನಲ್ಲಿ ಕೆಳಗೆ ಹಿಡೀಬೇಡಿ. ಬಟ್ಟೆ ಸೋಪು, ಪಾತ್ರೆ ಪೌಡರ್ ಮಾತ್ರ ಬೇಡ. ಚರ್ಮದ ಪಿಎಚ್ ಸುಮಾರು 4ರಿಂದ 5, ಆಮ್ಲದ ಕಡೆದು, ಬಟ್ಟೆ ಸೋಪಿಂದು 9-10ರ ಆಸುಪಾಸು, ಕ್ಷಾರದ ಕಡೆದು, ಒಳಗಿನ ಎಣ್ಣೆಯನ್ನೂ ಸೇರಿಸಿ ಎಳ್ಕೊಂಡು ಹೋಗುತ್ತೆ. ಚೈನ್ ಲ್ಯೂಬ್, ಇಂಜಿನ್ ಆಯಿಲ್ ಕಲೆ ಇದ್ರೆ ಗ್ಯಾರೇಜಲ್ಲಿ ಯಾರಾದ್ರೂ ಪೆಟ್ರೋಲ್ ಅದ್ದಿದ ಬಟ್ಟೆ ಕೊಟ್ಟೇ ಕೊಡ್ತಾರೆ, ಪ್ರೀತಿಯಿಂದ ಬೇಡ ಅನ್ನಿ, ಚರ್ಮನೂ ಒಣಗುತ್ತೆ ಗಮ್ಮೂ ಕರಗುತ್ತೆ. ಕಲೆ ಮೇಲೆ ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್ ಗುಡ್ಡೆ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಹೊಡೀರಿ, ಎರಡು ಸಲ ಮಾಡಿದ್ರೆ ಬಹಳಷ್ಟು ಹೋಗುತ್ತೆ.

ಬೂಷ್ಟು ಬಂದಿದ್ರೆ ಮನೆ ಹೊರಗೆ ತಗೊಂಡು ಹೋಗಿ, ಮೂಗಿಗೆ ಬಟ್ಟೆ ಕಟ್ಕೊಂಡು ಬ್ರಷ್ ಮಾಡಿ, ಬಿಳಿ ವಿನೆಗರ್ ಮತ್ತೆ ನೀರು ಸಮ ಸಮ ಬೆರೆಸಿ ಬಟ್ಟೆಯಲ್ಲಿ ಅದ್ದಿ ಒಳಗೂ ಹೊರಗೂ ಒರೆಸಿ. ಆದ್ರೆ ಬೆಳ್ಳಗೆ ಕಂಡಿದ್ದೆಲ್ಲ ಬೂಷ್ಟಲ್ಲ. ಬೆರಳಿಟ್ಟು ತಿಕ್ಕಿದಾಗ ಬಿಸಿಗೆ ಕರಗಿ ಮಾಯ ಆದ್ರೆ ಅದು ಎಣ್ಣೆ ಹೊರಗೆ ಬಂದು ಹೆಪ್ಪುಗಟ್ಟಿದ್ದು. ಕೊಬ್ಬರಿ ಎಣ್ಣೆ ಬಳಿದೋರಿಗೆ ಚಳಿಗಾಲದ ಬೆಳಿಗ್ಗೆ ಇದು ಕಾಣುತ್ತೆ, ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದ್ರೆ ಗಟ್ಟಿಯಾಗುತ್ತಲ್ಲ.

ಈಗ ಒಣಗಿಸೋದು. ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ಬೆರಳ ತುದಿವರೆಗೂ ತುಂಬಿ, ಬಿಗಿಯಾಗಿ ತುರುಕಬೇಡಿ ಆಕಾರ ಕೆಡುತ್ತೆ. ಒಂದು ಗಂಟೆ ಬಿಟ್ಟು ತೆಗೆದು ನೋಡಿ, ಕಾಗದ ಹಿಂಡಿದ್ರೆ ನೀರು ಬರೋ ಹಾಗಿರುತ್ತೆ, ಬದಲಾಯಿಸಿ, ಆಮೇಲೆ ಮೂರ್ನಾಲ್ಕು ಗಂಟೆಗೊಮ್ಮೆ ಬದಲಾಯಿಸ್ತಾ ಹೋಗಿ. ಒಳಗಿನ ಬಟ್ಟೆ ತಿಳಿ ಬಣ್ಣದ್ದಾದ್ರೆ ಪೇಪರ್ ಇಂಕು ಹತ್ತುತ್ತೆ, ಹಳೇ ಪಂಚೆ ತುಂಡು ತುಂಬಿ. ಬೂಟನ್ನ ಅಡ್ಡ ಮಲಗಿಸಿ, ಸೋಲಿಗೂ ಗಾಳಿ ಬೇಕು, ಫ್ಯಾನ್ ಹಾಕಿ ಬಿಡಿ. ಬಯಲುಸೀಮೆಯಲ್ಲಿ ಒಂದೂವರೆ ದಿನಕ್ಕೆ ಆಗುತ್ತೆ, ಮಲೆನಾಡಿನ ಮಳೆಯಲ್ಲಿ ಮೂರು ದಿನ ಹಿಡಿದ್ರೂ ತಾಳ್ಮೆ ಇರಲಿ.

ಪೂರ್ತಿ ಒಣಗಿದ ಮೇಲೆ ಎಣ್ಣೆ ಕುಡಿಸೋದು. ನಮ್ಮಲ್ಲಿ ಮೆಟ್ಟಿಗೆ ಹರಳೆಣ್ಣೆ ಹಚ್ತಿದ್ರು, ಆ ಚರ್ಮ ತಂಗಡಿ ತೊಗಟೆ ಥರದ ಗಿಡಮರದ ಸತ್ವದಲ್ಲಿ ಹದ ಮಾಡಿದ್ದು. ಇವತ್ತಿನ ಬೈಕ್ ಬೂಟು ಹೆಚ್ಚಾಗಿ ಕ್ರೋಮಿಯಂನಲ್ಲಿ ಹದ ಆದದ್ದು, ಮೇಲೆ ಬಣ್ಣದ ಪದರನೂ ಇರುತ್ತೆ, ಇದಕ್ಕೆ ಲೆದರ್ ಕಂಡೀಷನರ್ರೇ ಸರಿ. ಬೂಟಿನ ನಾಲಿಗೆ, ಅಂದ್ರೆ ಲೇಸಿನ ಕೆಳಗಿರೋ ಪಟ್ಟಿ, ಅದರ ಒಳಗೆ ಕಾಣದ ಜಾಗದಲ್ಲಿ ಒಂದು ಚುಕ್ಕೆ ಹಚ್ಚಿ ಬಣ್ಣ ಎಷ್ಟು ಕಪ್ಪಾಗುತ್ತೆ ನೋಡಿ, ಆಮೇಲೆ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಬೆರಳು ಮಡಿಸೋ ಜಾಗಕ್ಕೆ ಮಾತ್ರ ಇನ್ನೊಂದು ಕೈ ಜಾಸ್ತಿ. ಒಂದು ರಾತ್ರಿ ಬಿಟ್ಟು ಹೀರದೆ ಉಳಿದದ್ದನ್ನ ಒರೆಸಿಬಿಡಿ. ಅತಿಯಾಗಿ ಕುಡಿಸಿದ್ರೆ ಬೂಟು ಮೆತ್ತಗಾಗುತ್ತೆ, ಬಿದ್ದಾಗ ಕಾಲಿನ ಹರಡನ್ನ ಕಾಯಬೇಕಾದ್ದು ಮೆತ್ತಗಾಗಬಾರದು.

ಕೊನೇಲಿ ಜೇನುಮೇಣ ಇರೋ ಕ್ರೀಮು. ಜೇನುಮೇಣ ಕರಗೋದು 62-64 ಡಿಗ್ರಿಗೆ, ಅದಕ್ಕೇ ಬಿಸಿಲಲ್ಲೂ ಹರಿದು ಹೋಗಲ್ಲ. ಗಟ್ಟಿಯಿದ್ರೆ ಡಬ್ಬಿಯನ್ನ ಬಿಸಿಲಿಗಿಡಿ, ಬೂಟನ್ನಲ್ಲ. ಬೆರಳಲ್ಲೇ ತಗೊಂಡು ಹೊಲಿಗೆಯ ಪ್ರತಿ ತೂತಿಗೂ ಒತ್ತಿ ತುಂಬಿ, ನೀರು ನುಗ್ಗೋದು ಆ ತೂತುಗಳಿಂದ. ಸೋಲಿನ ಅಡಿಗೆ ಮಾತ್ರ ಮೇಣ, ಎಣ್ಣೆ, ಸಿಲಿಕೋನ್ ಯಾವುದೂ ತಾಗದ ಹಾಗೆ ನೋಡ್ಕೊಳ್ಳಿ, ಸಿಗ್ನಲ್‌ನಲ್ಲಿ ಕಾಲು ಊರಿದಾಗ ಜಾರಿದ್ರೆ ಬೈಕಿನ ಜೊತೆ ನೀವೂ ಕೆಳಗೆ. ಗೇರ್ ಉಜ್ಜಿದ ಜಾಗಕ್ಕೆ ಬಣ್ಣದ ಕ್ರೀಮು ಹಚ್ಚಿದ್ರೆ ಒಂದು ತಿಂಗಳು ಚಂದ ಕಾಣುತ್ತೆ ಅಷ್ಟೆ, ನಿಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ಚಪ್ಪಲಿ ಹೊಲಿಯೋ ಅಣ್ಣನ ಹತ್ರ ಒಂದು ತುಂಡು ದಪ್ಪ ಚರ್ಮ ಮೇಲೆ ಹೊಲಿಸ್ಕೊಳ್ಳಿ, ಅವರ ಕೈ ಹೊಲಿಗೆ ಗಟ್ಟಿ.

ಮಳೆಗಾಲ ಮುಗಿದು ಎತ್ತಿಡೋದಾದ್ರೆ ಪ್ಲಾಸ್ಟಿಕ್ ಕವರ್ ಬೇಡ, ಹತ್ತಿ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ, ಗಾಳಿ ಆಡೋ ಕಡೆ ಇಡಿ. ಪಾಲಿಯುರೆಥೇನ್ (ಪಿಯು ಅಂತಾರಲ್ಲ, ಒಂಥರ ಪ್ಲಾಸ್ಟಿಕ್) ಸೋಲ್ ಆದ್ರೆ ಅದು ಗಾಳಿಯ ತೇವ ಹೀರ್ಕೊಂಡು ವರ್ಷಗಳ ಮೇಲೆ ಒಳಗೊಳಗೇ ಪುಡಿಯಾಗುತ್ತೆ, ಹಾಕದೇ ಇಟ್ಟ ಬೂಟೇ ಒಂದಿನ ಮೊದಲ ಹೆಜ್ಜೆಗೆ ಕಳಚ್ಕೊಳ್ಳೋದು ಇದಕ್ಕೇ. ಘಾಟಿ ಇಲ್ಲದ ತಿಂಗಳಲ್ಲೂ ಒಂದ್ ಸಲ ಹೊರಗೆ ತೆಗೀರಿ, ಸೋಲನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಕಾಲಿಗೆ ಹಾಕ್ಕೊಂಡು ಹಾಲು ತರೋಕಾದ್ರೂ ಹೋಗಿ ಬನ್ನಿ.