ಒಂದೇ ಈರುಳ್ಳಿ ಪೊರೆ, ಮೂರು ಲೆನ್ಸ್

ಶಾಲೆಯ ಮೈಕ್ರೋಸ್ಕೋಪ್ ಕೈಗೆ ಸಿಕ್ಕಿದ ಕೂಡಲೇ ಮಕ್ಕಳು ಉದ್ದದ ಲೆನ್ಸನ್ನೇ ತಿರುಗಿಸಿಕೊಳ್ಳುತ್ತಾರೆ. ಆಮೇಲೆ ಏನೂ ಕಾಣ್ತಿಲ್ಲ ಅನ್ನುತ್ತಾರೆ. ದೊಡ್ಡದು ಮಾಡಿದರೆ ಜಾಸ್ತಿ ಕಾಣಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ದೊಡ್ಡದು ಮಾಡಿದಷ್ಟೂ ಕಣ್ಣಿಗೆ ಸಿಗುವ ಜಾಗ ಕಿರಿದಾಗುತ್ತದೆ. ಒಂದು ಈರುಳ್ಳಿ ಇದ್ದರೆ ಇದನ್ನು ನೀವೇ ಅಳೆದು ನೋಡಬಹುದು.

ಈರುಳ್ಳಿಯ ದಪ್ಪ ಪದರವೊಂದನ್ನು ಮುರಿದು, ಒಳಮೈಗೆ ಅಂಟಿರುವ ತೆಳು ಪೊರೆಯನ್ನು ಚಿಮಟದಿಂದ ಎಳೆಯಿರಿ. ಉಗುರಿನಷ್ಟು ಸಾಕು. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ನೀರು ಹಾಕಿ, ಪೊರೆ ಮಡಚಿಕೊಳ್ಳದಂತೆ ಹರಡಿ. ಮೇಲೆ ಒಂದು ಹನಿ ಅಯೋಡಿನ್ ದ್ರಾವಣ ಬಿಡಿ. ಮೇಲೆ ಮುಚ್ಚುವ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸಿ. ಸುಮ್ನೆ ಹಾಕಿಬಿಟ್ಟರೆ ಗಾಳಿಗುಳ್ಳೆ ಉಳಿಯುತ್ತವೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಗಳು ಜೀವಕೋಶಗಳಲ್ಲ.

ಸ್ಲೈಡ್ ಇಡುವ ಮೊದಲು ಒಂದು ಕೆಲಸ ಇದೆ. 4ರ ಲೆನ್ಸ್ (ಅಂದರೆ 4 ಪಟ್ಟು ಹಿಗ್ಗಿಸುವ ಲೆನ್ಸ್) ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಬೆಳಕಿನ ವೃತ್ತದ ಅಗಲಕ್ಕೆ ಎಷ್ಟು ಮಿಲಿಮೀಟರ್ ಹಿಡಿಯುತ್ತದೆ ಎಣಿಸಿ. 4.5 ಮಿ.ಮೀ. ಬಂತು ಅನ್ನೋಣ. ಕಣ್ಣಿಡುವ ಐಪೀಸ್ 10ರದ್ದಾದರೆ, 10ನ್ನು 4ರಿಂದ ಗುಣಿಸಿ: ಒಟ್ಟು 40 ಪಟ್ಟು. 10ರ ಲೆನ್ಸಿಗೆ ಹೋದರೆ 100 ಪಟ್ಟು, ಅಂದರೆ ಮೊದಲಿನ ಎರಡೂವರೆಯಷ್ಟು; ವೃತ್ತವೂ ಅದೇ ಲೆಕ್ಕದಲ್ಲಿ ಕಿರಿದಾಗಿ 1.8 ಮಿ.ಮೀ. 40ರದ್ದಕ್ಕೆ ಹೋದರೆ 400 ಪಟ್ಟು, ವೃತ್ತ ಬರೀ 0.45 ಮಿ.ಮೀ.

ಈಗ ಸ್ಲೈಡ್ ಇಡಿ. 4ರಲ್ಲಿ ಇಟ್ಟಿಗೆ ಗೋಡೆಯಂಥ ಸಾಲುಗಳು ಕಾಣುತ್ತವೆ. 10ರಲ್ಲಿ ಉದ್ದುದ್ದಕ್ಕೆ ಕೋಶಗಳನ್ನು ಎಣಿಸಿ. 1.8 ಮಿ.ಮೀ.ನಲ್ಲಿ ಆರು ಹಿಡಿದರೆ ಒಂದರ ಉದ್ದ 0.3 ಮಿ.ಮೀ. ಸ್ಕೇಲ್ ಮೇಲಿನ ಒಂದು ಗೆರೆಯಿಂದ ಇನ್ನೊಂದು ಗೆರೆಯೊಳಗೆ ಮೂರು ಕೋಶ! ಬೇಕಾದ ಕೋಶವನ್ನು ನಡುವಿಗೆ ತನ್ನಿ. ಸ್ಲೈಡನ್ನು ಎಡಕ್ಕೆ ತಳ್ಳಿದರೆ ಚಿತ್ರ ಬಲಕ್ಕೆ ಹೋಗುತ್ತದೆ, ಗಾಬರಿ ಬೇಡ. ನಡುವಿಗೆ ತರದೆ 40ಕ್ಕೆ ಹೋದರೆ ಆ ಕೋಶ ವೃತ್ತದಿಂದಲೇ ಆಚೆ ಹೋಗಿರುತ್ತದೆ.

40ರಲ್ಲಿ ಲೆನ್ಸಿನ ತುದಿ ಸ್ಲೈಡಿಗೆ ತಾಗುವಷ್ಟು ಹತ್ತಿರ ಇರುತ್ತದೆ. ಹಾಗಾಗಿ ದೊಡ್ಡ ತಿರುಪು ಮುಟ್ಟಬೇಡಿ, ಗಾಜು ಒಡೆಯುತ್ತದೆ. ಬೆಳಕೂ ಮಂಕಾಗುತ್ತದೆ, ವೇದಿಕೆಯ ಕೆಳಗಿನ ಕಿಂಡಿ ಸ್ವಲ್ಪ ಅಗಲಿಸಿ. ಈಗ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ. ಕೋಶದ ಮೇಲ್ಗೋಡೆ ಮಸುಕಾಗಿ, ಹಳದಿ-ಕಂದು ಬಣ್ಣದ ಕೋಶಕೇಂದ್ರ ಸ್ಪಷ್ಟವಾಗುತ್ತದೆ. ಇನ್ನಷ್ಟು ತಿರುಗಿಸಿದರೆ ಅದೂ ಮಸುಕು. ಲೆನ್ಸ್ ಬಲವಾದಷ್ಟೂ ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. ಚಪ್ಪಟೆ ಚಿತ್ರದಂತೆ ಕಂಡ ಕೋಶ ಆಳವಿರುವ ಪೆಟ್ಟಿಗೆ ಅಂತ ನನಗೆ ಮನದಟ್ಟಾದದ್ದು ಈ ತಿರುಪಿನಿಂದಲೇ. ಮಕ್ಕಳನ್ನು ಇಲ್ಲಿ ಆತುರಪಡಿಸಬೇಡಿ.

100ರ ಲೆನ್ಸಿಗೆ ಅದರದೇ ಎಣ್ಣೆಯ ಹನಿ ಬೇಕು. ಈರುಳ್ಳಿಗೆ ಅದು ಬೇಡವೇ ಬೇಡ. 1,000 ಪಟ್ಟಿನ ಆಚೆಗೆ ಸಾಮಾನ್ಯ ಬೆಳಕಿನಲ್ಲಿ ಹೊಸ ವಿವರ ಸಿಗುವುದು ಕಡಿಮೆ. ಸುಮಾರು 0.2 ಮೈಕ್ರೋಮೀಟರ್‌ಗಿಂತ (ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಹತ್ತಿರದ ಎರಡು ಚುಕ್ಕೆಗಳು ಒಂದೇ ಚುಕ್ಕೆಯಾಗಿ ಬೆರೆತುಬಿಡುತ್ತವೆ. ಅದನ್ನು ಎಷ್ಟು ಹಿಗ್ಗಿಸಿದರೂ ಮಸುಕೇ ದೊಡ್ಡದಾಗುತ್ತದೆ.

ನೋಡಿ ಮುಗಿದ ಮೇಲೆ 4ರ ಲೆನ್ಸಿಗೆ ವಾಪಸ್ ತಿರುಗಿಸಿ, ಆಮೇಲೆ ಸ್ಲೈಡ್ ತೆಗೆಯಿರಿ.