ಕ್ಯಾಲ್ಸಿಯಂ ತೆಗೆದು ಭ್ರೂಣ ಬಿಡಿಸಿದ್ದು: ಬಾಗಲಕೋಟೆಯಿಂದ ನನ್ನ ಅನುಭವ

ಭ್ರೂಣದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ಕೆಲಸವನ್ನು, ಅದಕ್ಕೆ ಅಂಟಿ ಗುರುತು ತೋರಿಸುವ ಪ್ರತಿಕಾಯವೂ ಕಾನ್‌ಫೋಕಲ್ ಸೂಕ್ಷ್ಮದರ್ಶಕವೂ ಇಲ್ಲದೆ ಪದವಿ ವಿದ್ಯಾರ್ಥಿಗಳಿಗೆ ತೋರಿಸಲಾಗದು ಎಂದು ಸಹೋದ್ಯೋಗಿಗಳು ಖಂಡಿತವಾಗಿ ಹೇಳಿದ್ದರು. ಪುಟ್ಟ ಶೀಶೆ ಪ್ರತಿಕಾಯಕ್ಕೆ ಸುಮಾರು 40,000 ರೂಪಾಯಿ ಕೇಳುತ್ತಿದ್ದರು. ನಮ್ಮ ವಿಭಾಗದ ಇಡೀ ವರ್ಷದ ಅನುದಾನ ಅದಕ್ಕೇ ಹೋಗುತ್ತಿತ್ತು. ಆದರೆ ಈ ಪ್ರೋಟೀನಿಗೆ ಕ್ಯಾಲ್ಸಿಯಂ ಇಲ್ಲದೆ ಹಿಡಿತವಿಲ್ಲ. ಅದನ್ನು ತೆಗೆದು, ಮತ್ತೆ ಕೊಟ್ಟು ನೋಡಿದರೆ ಸಾಕೆಂಬುದು ನನ್ನ ಲೆಕ್ಕ.

ಅಕ್ವೇರಿಯಂ ಅಂಗಡಿಯಲ್ಲಿ ಜೋಡಿಗೆ 40 ರೂಪಾಯಿಯಂತೆ ಝೀಬ್ರಾ ಮೀನು ಸಿಕ್ಕವು, ಮೊಟ್ಟೆಗೂ ಕೊರತೆಯಾಗಲಿಲ್ಲ. ಕಾಡಿದ್ದು ನೀರು. ಸುಣ್ಣಕಲ್ಲಿನ ಈ ಸೀಮೆಯ ಕೊಳವೆಬಾವಿ ನೀರಿನಲ್ಲಿ ತೊಳೆದ ಬೀಕರಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ; ಅದರಲ್ಲಿ ಸುರಿದ ಕ್ಯಾಲ್ಸಿಯಂರಹಿತ ರಿಂಗರ್ ದ್ರಾವಣ (ಕೋಶಗಳನ್ನು ಜೀವಂತ ಇಡುವ ಲವಣದ ನೀರು) ಹೆಸರಿಗಷ್ಟೇ ಕ್ಯಾಲ್ಸಿಯಂರಹಿತವಾಗಿರುತ್ತಿತ್ತು, ಜೀವಕೋಶಗಳು ಒಂದನ್ನೊಂದು ಬಿಡುತ್ತಿರಲಿಲ್ಲ. ಬ್ಯಾಟರಿಗೆ ಹಾಕುವ ನೀರನ್ನು ಕ್ಯಾನುಗಟ್ಟಲೆ ತರಿಸಿದೆ. ಒಂದು ಕ್ಯಾನು ಸರಿಯಿದ್ದರೆ ಮುಂದಿನದು ಕೈಕೊಟ್ಟಿತು. ಕಡೆಗೆ ಗಾಜಿನ ಸಾಮಾನನ್ನೆಲ್ಲ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿ, ರಿಂಗರ್‌ಗೆ ಅದೇ ಬಗೆಯ ಇಜಿಟಿಎ ಸ್ವಲ್ಪ ಸೇರಿಸಿದ ಮೇಲೆ ದಾರಿ ಸಿಕ್ಕಿತು. ಎಷ್ಟು ಸೇರಿಸಬೇಕೆಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಾಲ್ಕು ತಾಸಿನ ಭ್ರೂಣವನ್ನೇ ಆರಿಸಬೇಕು. ತೀರ ಎಳೆಯದಾದರೆ ಅಂಚಿನ ಕೋಶಗಳು ಮೊಟ್ಟೆಯ ಹಳದಿ ಭಾಗದಿಂದ ಪೂರ್ತಿ ಬೇರ್ಪಟ್ಟಿರುವುದಿಲ್ಲ. ಚಿಮಟದಿಂದ ಕೋರಿಯಾನ್ (ಮೊಟ್ಟೆಯ ಹೊರಪೊರೆ) ಬಿಡಿಸಿ, ಚೈನಾ ಗ್ರಾಸ್ ಹಚ್ಚಿದ ತಟ್ಟೆಯಲ್ಲಿನ ಈ ರಿಂಗರ್‌ಗೆ ಇಳಿಸಿದ ಹತ್ತು-ಹದಿನೈದು ನಿಮಿಷಗಳಲ್ಲಿ ನಯವಾಗಿದ್ದ ಕೋಶಗಳ ಗುಮ್ಮಟ ಗಂಟುಗಂಟಾಗುತ್ತದೆ, ಒಂದೊಂದು ಕೋಶವೂ ದುಂಡಗಾಗಿ ನಿಲ್ಲುತ್ತದೆ, ಪಿಪೆಟ್ಟಿನಿಂದ ಮೆಲ್ಲಗೆ ನೀರು ಬಿಟ್ಟರೆ ಗೊಂಜಾಳದ ತೆನೆಯಿಂದ ಕಾಳು ಉದುರಿದಂತೆ ಚದುರುತ್ತವೆ. ಕ್ಯಾಲ್ಸಿಯಂ ಕ್ಲೋರೈಡನ್ನು ಸುಮಾರು 1.8 ಮಿಲಿಮೋಲಾರ್‌ಗೆ ತಂದರೆ ಅರ್ಧ-ಮುಕ್ಕಾಲು ತಾಸಿನಲ್ಲಿ ಅವೇ ಕೋಶಗಳು ಉಂಡೆಕಟ್ಟುತ್ತವೆ. ಬರೀ ಮೆಗ್ನೀಸಿಯಂ ಕೊಟ್ಟ ತಟ್ಟೆಯಲ್ಲಿ ಕೋಶಗಳು ಬಿಡಿಬಿಡಿಯಾಗಿಯೇ ಉಳಿದವು. ಸಂಶಯಪಟ್ಟವರ ಬಾಯಿ ಮುಚ್ಚಿಸಿದ್ದು ಆ ತಟ್ಟೆ. ಇಲಿಯ ಭ್ರೂಣ ಎಂಟು ಕೋಶಗಳ ಹಂತದಲ್ಲಿ ಬಿಗಿದುಕೊಳ್ಳುವುದೂ ಇದೇ ಪ್ರೋಟೀನಿನ ಬಲದಿಂದ ಎಂದು ಪಾಠದಲ್ಲಿ ಹೇಳುವಾಗ ಈಗ ವಿದ್ಯಾರ್ಥಿಗಳು ತಲೆ ಎತ್ತಿ ಕೇಳುತ್ತಾರೆ.

ನಡುವೆ ಪ್ರೋಟೀನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ನನ್ನೂ ಪರೀಕ್ಷಿಸಿದೆ. ಕ್ಯಾಲ್ಸಿಯಂ ಜೊತೆಗಿದ್ದರೆ ಅದು ಕ್ಯಾಡ್‌ಹೆರಿನ್ನನ್ನು ಕತ್ತರಿಸಲಾರದು, ಇಲ್ಲದಿದ್ದರೆ ಕತ್ತರಿಸುತ್ತದೆ. ಹಾಗಾಗಿ ಕ್ಯಾಲ್ಸಿಯಂ ಇಲ್ಲದೆ ಟ್ರಿಪ್ಸಿನ್ ಕೊಟ್ಟ ತಟ್ಟೆಯ ಕೋಶಗಳು ಆಮೇಲೆ ಕ್ಯಾಲ್ಸಿಯಂ ಕೊಟ್ಟರೂ ಬೇಗ ಕೂಡಬಾರದು. ಚಳಿಗಾಲದಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಂಡಿತು. ಏಪ್ರಿಲ್‌ನಲ್ಲಿ ಕೋಣೆಯ ಬಿಸಿಗೆ ಎರಡೂ ತಟ್ಟೆಗಳ ಕೋಶಗಳು ಸತ್ತವು, ಹಾಗಾಗಿ ಅದನ್ನು ಡಿಸೆಂಬರಿಗೆ ಇಟ್ಟಿದ್ದೇನೆ. ಮೀನು, ರಾಸಾಯನಿಕ, ವ್ಯರ್ಥವಾದ ಕ್ಯಾನುಗಳು ಸೇರಿ ಇದುವರೆಗೆ ಖರ್ಚಾದದ್ದು 7,000 ರೂಪಾಯಿಯ ಆಸುಪಾಸು.