ಕಣಕುಂಬಿಯಲ್ಲಿ ನಿಂತ ಜೀಪು: ಹೆಡರ್ ಪಕ್ಕದ ಪೈಪುಗಳನ್ನು ನಾನು ಸರಿಪಡಿಸಿದ್ದು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೊರಟವರು ಕಣಕುಂಬಿಯಲ್ಲಿ ಚಹಾಕ್ಕೆಂದು ನಿಂತೆವು. ಅಣ್ಣನ ಮಗನಿಗೆ ಮಲಪ್ರಭೆ ಹುಟ್ಟುವ ಜಾಗ ತೋರಿಸಿ, ಚಹಾ ಕುಡಿದು, ಕಾಲು ತಾಸು ಬಿಟ್ಟು ಬಂದು ಸ್ಟಾರ್ಟರ್ ಒತ್ತಿದೆ. ಎಂಜಿನ್ ತಿರುಗಿತು, ಚಾಲೂ ಆಗಲಿಲ್ಲ. ಮತ್ತೆ ಮತ್ತೆ ಒತ್ತಿದರೂ ಅದೇ ಪಾಡು. ಬರುವ ದಾರಿಯುದ್ದಕ್ಕೂ ಒಂದು ಸಲವೂ ತಡವರಿಸದ ಗಾಡಿ ಅದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ಬರುವ ಪೈಪ್ ಬಿಚ್ಚಿ ನೋಡಿದರೆ ಒಂದು ಹನಿ ಪೆಟ್ರೋಲ್ ಇಲ್ಲ. ಚಹಾದಂಗಡಿಯ ಅಜ್ಜ ಬಂದು ಬಾನೆಟ್ ಒಳಗೆ ಇಣುಕಿದರು. "ಏರ್ ಹಿಡದದ ತಮ್ಮಾ. ಪಂಪಿನ ಮ್ಯಾಲ ಒದ್ದಿ ಅರಿವಿ ಹಾಕಿ ಸುಮ್ನ ಕೂಡು" ಅಂದರು. ಹಾಕಿದೆವು. ಇಪ್ಪತ್ತು ನಿಮಿಷಕ್ಕೆ ಗಾಡಿ ಏನೂ ಆಗದವರ ಹಾಗೆ ಚಾಲೂ ಆಯಿತು.

ನಮ್ಮ ಕಡೆ ಮೇಸ್ತ್ರಿಗಳೆಲ್ಲ ಇದನ್ನು ಏರ್ ಹಿಡಿಯುವುದು ಎಂದೇ ಕರೆಯುತ್ತಾರೆ. ಹಿಡಿಯುವುದು ಹೊರಗಿನ ಗಾಳಿಯಲ್ಲ, ಪೆಟ್ರೋಲಿನದೇ ಆವಿ. ನೀರಿನ ಹಾಗೆ ಪೆಟ್ರೋಲ್ ಒಂದೇ ಬಿಸಿಗೆ ಕುದಿಯುವುದಿಲ್ಲ. ಅದರ ಹಗುರ ಅಂಶಗಳು ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ, ಭಾರದವು 200 ಡಿಗ್ರಿವರೆಗೂ ಉಳಿಯುತ್ತವೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಪಂಪು ಪೆಟ್ರೋಲನ್ನು ಎಳೆಯುತ್ತಿರುತ್ತದೆ. ಎಳೆತ ಇದ್ದಲ್ಲಿ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಕುದಿ ಇನ್ನೂ ಬೇಗ. ಪಂಪಿನೊಳಗೆ ಆವಿ ತುಂಬಿಕೊಂಡರೆ ಅದರ ಡಯಾಫ್ರಾಮ್, ಅಂದರೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವ ಮೆತ್ತನೆಯ ಪರದೆ, ಆ ಆವಿಯನ್ನೇ ಹಿಸುಕುತ್ತ ಕೂಡುತ್ತದೆ, ಪೆಟ್ರೋಲ್ ಮೇಲೆ ಏರುವುದಿಲ್ಲ. ಗಾಡಿ ಓಡುವಾಗ ಫ್ಯಾನ್ ಗಾಳಿ ಇರುತ್ತದೆ, ತಣ್ಣನೆಯ ಪೆಟ್ರೋಲ್ ಹರಿಯುತ್ತಿರುತ್ತದೆ. ಎಂಜಿನ್ ಬಂದ್ ಮಾಡಿದ ಕ್ಷಣ ಎರಡೂ ನಿಲ್ಲುತ್ತವೆ, ಕಾದ ಕಬ್ಬಿಣ ಮಾತ್ರ ಕಾದೇ ಇರುತ್ತದೆ. ಹಾಗಾಗಿ ಪೈಪುಗಳು ಅತಿ ಹೆಚ್ಚು ಬಿಸಿಯಾಗುವುದು ಘಾಟಿ ಹತ್ತುವಾಗಲ್ಲ, ಚಹಾ ಕುಡಿಯುವ ಆ ಕಾಲು ತಾಸಿನಲ್ಲಿ. ಇದು ತಲೆಗೆ ಹೋಗಲು ನನಗೆ ಕಣಕುಂಬಿಯೇ ಬೇಕಾಯಿತು.

ಜೀಪು ನಮ್ಮ ಅಜ್ಜನದು. 1974ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್ ಹರಿಕೇನ್ ಎಂಜಿನ್. ಬೈಲಹೊಂಗಲದ ಹೊಲದ ಮನೆಯ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತಿತ್ತು. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಒಳಬರುವ ವಾಲ್ವ್ ಹೆಡ್ಡಿನಲ್ಲಿದೆ, ಹೊಗೆ ಹೊರಹೋಗುವ ವಾಲ್ವ್ ಬ್ಲಾಕಿನಲ್ಲಿದೆ. ಅದಕ್ಕೇ ಹೊಗೆಯನ್ನು ಕೂಡಿಸಿ ಸೈಲೆನ್ಸರಿಗೆ ಒಯ್ಯುವ ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿಗೆ ಕೂಡುತ್ತದೆ. ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಕೂಡ ಅದೇ ಬದಿಗೆ, ಕ್ಯಾಮ್‌ನಿಂದ ಆಡುವ ಪೆಟ್ರೋಲ್ ಪಂಪೂ ಅದೇ ಬದಿಗೆ. ಅಂದರೆ ಗಾಡಿಯಲ್ಲಿ ಎಲ್ಲಕ್ಕಿಂತ ಬಿಸಿಯಾದ ವಸ್ತುವಿನ ಬುಡದಲ್ಲೇ ಪೆಟ್ರೋಲ್ ಪಂಪು. ಎರಕದ ಹಳೆಯ ಮ್ಯಾನಿಫೋಲ್ಡ್ ಇದ್ದಷ್ಟು ದಿನ ಅದು ನಡೆಯಿತು. ನಮ್ಮದು ಎರಡು ಕಡೆ ಸೀಳಿತ್ತು. ಎರಕದ ಕಾರ್ಖಾನೆಗಳ ಊರಾದ ಬೆಳಗಾವಿಯಲ್ಲೇ ಇದ್ದೇನಾದರೂ ಒಂದೇ ಒಂದು ತುಂಡಿಗೆ ಎರಕದ ಮಾದರಿ (ಪ್ಯಾಟರ್ನ್) ಮಾಡಿಸುವುದು ಕೈಗೆಟುಕಲಿಲ್ಲ. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಪೈಪ್ ಬಗ್ಗಿಸಿ ಹೆಡರ್, ಅಂದರೆ ಮ್ಯಾನಿಫೋಲ್ಡಿನ ಬದಲಿಗೆ ಹೊಗೆ ಹೊರಗೊಯ್ಯುವ ಕೊಳವೆಗಳ ಕಟ್ಟು, ಮಾಡಿಸಿದೆ. ಕೆಲಸ ಚೆನ್ನಾಗಿತ್ತು, ತಪ್ಪು ನನ್ನದು. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಎಲ್ಲವನ್ನೂ ಹಳೆಯ ಮ್ಯಾನಿಫೋಲ್ಡಿನ ಅಳತೆಗೆ ಮೊದಲೇ ಕೂರಿಸಿ, ಪೇಂಟೂ ಮುಗಿಸಿ, ಹೆಡರನ್ನು ಕಡೆಗೆ ಹಾಕಿದೆ. ಎರಕದ್ದು ಬ್ಲಾಕಿಗೆ ಅಂಟಿಕೊಂಡು ಹೋಗುತ್ತಿತ್ತು, ಹೆಡರ್ ಹೊರಕ್ಕೆ ಬಾಗಿ ಬರುತ್ತದೆ. ಅದರ ಗೋಡೆ ತೆಳು, ಬೇಗ ಕೆಂಪಗಾಗುವಷ್ಟು ಕಾಯುತ್ತದೆ, ಮೈಯೂ ದೊಡ್ಡದು.

ಕಣಕುಂಬಿಯಿಂದ ಬಂದವನೇ ಮಾಡಿದ್ದು ಎರಡನೆಯ ತಪ್ಪು. ಹೆಡರಿಗೆ ಫೈಬರ್‌ಗ್ಲಾಸ್ ಪಟ್ಟಿ ಸುತ್ತಿದೆ. ಸುತ್ತುವ ಮೊದಲು ಒಬ್ಬ ಹಿರಿಯ ಮೇಸ್ತ್ರಿ ಅಸ್ಬೆಸ್ಟಾಸ್ ಹಗ್ಗ ತಂದುಕೊಟ್ಟರು, "ಇದರಂಥಾದ್ದ ಯಾವ್ದೂ ಇಲ್ರಿ ಸಾಹೇಬ್ರ" ಎಂದು. ಕೈ ಮುಗಿದು ಬೇಡ ಎಂದೆ. ಅದರ ಎಳೆ ಪುಪ್ಪುಸಕ್ಕೆ ಹೊಕ್ಕರೆ ವರ್ಷಗಳಾದ ಮೇಲೆ ಜೀವಕ್ಕೇ ಕುತ್ತು ತರುತ್ತದೆ. ಅವರ ಬಳಿಯಿದ್ದ ಉಳಿದ ಸುರುಳಿಯನ್ನೂ ಕತ್ತರಿಸಬೇಡಿ ಎಂದು ಬೇಡಿಕೊಂಡೆ. ಫೈಬರ್‌ಗ್ಲಾಸ್ ಪಟ್ಟಿ ಸುತ್ತಿದ ಮೇಲೆ ಬಾನೆಟ್ ಒಳಗಿನ ಬಿಸಿ ಇಳಿದದ್ದು ನಿಜ, ನನಗೂ ಸಮಾಧಾನ ಆಯಿತು. ಆದರೆ ಬೆಳಗಾವಿಯ ಮಳೆಗಾಲ ಗೊತ್ತಲ್ಲ. ದಸರೆಯ ಹೊತ್ತಿಗೆ ಪಟ್ಟಿ ಬಿಚ್ಚಿದರೆ ಒಳಗೆ ತುಕ್ಕಿನ ಹೊಪ್ಪಳಿಕೆ, ಒಂದು ವೆಲ್ಡಿನ ಪಕ್ಕ ಕೂದಲೆಳೆಯಷ್ಟು ಸೀಳು. ಪಟ್ಟಿ ಬಿಸಿಯನ್ನು ಪೈಪಿನೊಳಗೇ ತಡೆದಿಡುತ್ತದೆ, ಹಾಗಾಗಿ ಪೈಪು ಮೊದಲಿಗಿಂತ ಹೆಚ್ಚು ಕಾಯುತ್ತದೆ. ನಿಂತಾಗ ಮಳೆಯ ತೇವ ಹೀರಿಕೊಂಡು ಅದನ್ನು ಪೈಪಿಗೆ ಅಂಟಿಸಿಡುತ್ತದೆ. ಸಾದಾ ಕಬ್ಬಿಣದ ಹೆಡರಿಗೆ, ಖಾನಾಪುರದ ಕಡೆ ಓಡಾಡುವ ಗಾಡಿಗೆ, ಅದು ಸಲ್ಲದು.

ಪಟ್ಟಿ ಬಿಚ್ಚುವಾಗಲೇ ಕಣ್ಣಿಗೆ ಬಿದ್ದದ್ದು ಬ್ರೇಕ್ ಪೈಪ್. ಹೆಡರಿನ ಕೊಳವೆಗಳೆಲ್ಲ ಒಂದಾಗುವ ಕಲೆಕ್ಟರಿಗೂ ಚಾಸಿಯ ಮೇಲಿನ ಬ್ರೇಕ್ ಪೈಪಿಗೂ ನಡುವೆ ಬೆರಳು ತೂರುತ್ತಿರಲಿಲ್ಲ. ಪೈಪಿನ ಪೇಂಟ್ ಕಪ್ಪಿಟ್ಟಿತ್ತು, ಕ್ಲಿಪ್ಪಿನ ರಬ್ಬರ್ ಕರಗಿ ಅಂಟಿಕೊಂಡಿತ್ತು. ಅದನ್ನು ಕಂಡು ಕೈ ತಣ್ಣಗಾಯಿತು. ಪೆಟ್ರೋಲ್ ಆವಿಯಾದರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಆಯಿಲ್ ಕುದಿದರೆ ಗಾಡಿ ನಿಲ್ಲುವುದಿಲ್ಲ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ. ಆದರೆ ಅದು ಗಾಳಿಯ ತೇವ ಹೀರುತ್ತದೆ, ಹೀರಿದ ಮೇಲೆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದು 230 ಮತ್ತು 155. ನಮ್ಮ ಜೀಪಿನಲ್ಲಿ ನಾಲ್ಕೂ ಗಾಲಿಗೆ ಸೇರಿ ಒಂದೇ ಸರ್ಕ್ಯೂಟ್. ಆ ಒಂದು ಗೇಣು ಪೈಪಿನಲ್ಲಿ ಆವಿ ಹುಟ್ಟಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಅದೇ ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ನಾನು ಘಾಟಿಗೆ ಹೊರಟಿದ್ದೆ.

ಅಲ್ಲಿಂದ ಎಲ್ಲವನ್ನೂ ಬಿಚ್ಚಿದೆ. ಸೀಳಿದ ಕಡೆ ವೆಲ್ಡ್ ಮಾಡಿಸಿ, ಹೆಡರನ್ನು ಬರೀ ಮೈಯಲ್ಲಿ ಮತ್ತೆ ಕೂರಿಸಿ, ಈ ಸಲ ಅದನ್ನು ನೋಡಿಕೊಂಡು ಪೈಪುಗಳ ದಾರಿ ಹುಡುಕಿದೆ. ಮೊದಲು ದಪ್ಪ ಬೈಂಡಿಂಗ್ ತಂತಿಯನ್ನು ಬಗ್ಗಿಸಿ ದಾರಿ ಗುರುತಿಸಿದೆ. ತಂತಿ ತಪ್ಪಿದರೆ ಹತ್ತು ರೂಪಾಯಿ, ಪೈಪ್ ತಪ್ಪಿದರೆ ಒಂದು ದಿನದ ಕೆಲಸ. ನಾನು ಇಟ್ಟುಕೊಂಡ ಲೆಕ್ಕ ಇಷ್ಟು: ಹೆಡರಿನಿಂದ ನಾಲ್ಕು ಬೆರಳು, ಅಂದರೆ ಸುಮಾರು 75 ಮಿಲಿಮೀಟರ್ ದೂರ ಇದ್ದರೆ ಬರೀ ಪೈಪ್ ನಡೆಯುತ್ತದೆ. ಅದಕ್ಕಿಂತ ಹತ್ತಿರ ಬಂದರೆ ನಡುವೆ ತಗಡು ಬೇಕೇ ಬೇಕು. ತಗಡಿದ್ದರೂ ಒಂದು ಇಂಚಿಗಿಂತ ಹತ್ತಿರ ಬರಕೂಡದು.

ನಿಂತ ಎಂಜಿನ್ನಿನಲ್ಲಿ ಅಳೆದ ಅಂತರ ಓಡುವ ಎಂಜಿನ್ನಿನಲ್ಲಿ ಉಳಿಯುವುದಿಲ್ಲ, ಅದು ರಬ್ಬರ್ ಮೌಂಟಿನ ಮೇಲೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂದು ತಿಳಿಯಲು ಅಡುಗೆಮನೆಯಿಂದ ಚಪಾತಿ ಕಣಕ ತಂದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಹೆಡರಿಗೂ ತಂತಿಗೂ ನಡುವೆ ಉಂಡಿ ಮಾಡಿ ಒತ್ತಿಟ್ಟೆ. ಗಾಲಿಗೆ ಅಡ್ಡಗಲ್ಲು ಕೊಟ್ಟು, ಬ್ರೇಕ್ ಒತ್ತಿ ಹಿಡಿದು, ಎಂಜಿನ್ ಚಾಲೂ ಮಾಡಿ ಕ್ಲಚ್ಚನ್ನು ತುಸುವೇ ಬಿಟ್ಟೆ, ಮೊದಲು ಮುಂದಿನ ಗೇರಿನಲ್ಲಿ, ಆಮೇಲೆ ರಿವರ್ಸಿನಲ್ಲಿ. ನಾಲ್ಕೈದು ಸೆಕೆಂಡಿಗೆ ಬಂದ್. ಉಂಡಿ ಚಪ್ಪಟೆಯಾಗಿ ಎಷ್ಟು ದಪ್ಪ ಉಳಿಯಿತೋ ಅದೇ ನಿಜವಾದ ಅಂತರ. ಒಂದು ಕಡೆ 40 ಮಿಲಿಮೀಟರ್ ಎಂದುಕೊಂಡದ್ದು 28 ಆಗಿತ್ತು. ಅಲ್ಲಿ ದಾರಿಯನ್ನೇ ಬದಲಿಸಿದೆ.

ಬ್ರೇಕ್ ಪೈಪನ್ನು ಚಾಸಿಯ ಒಳಮೈಯಿಂದ ಹೊರಮೈಗೆ ತಂದೆ. ಈಗ ಚಾಸಿಯೇ ಅದಕ್ಕೆ ಗೋಡೆ. 4.75 ಮಿಲಿಮೀಟರಿನ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ಹಾಕಿ, ತುದಿಯನ್ನು ಅಗಲಿಸಿ ಎರಡು ಮಡಿಕೆ ಮಾಡಿ ಡಬಲ್ ಫ್ಲೇರ್ ಕೊಟ್ಟೆ. ಬರೀ ತಾಮ್ರದ ಪೈಪ್ ಬಗ್ಗಿಸಲು ಸುಲಭ ಎಂದು ಹಲವರು ಬ್ರೇಕಿಗೂ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ನಡುಕಕ್ಕೆ ಅದು ಗಡಸಾಗಿ ಒಂದು ದಿನ ಸೀಳುತ್ತದೆ. ಆಯಿಲ್ ಡಾಟ್ 4 ತುಂಬಿದೆ.

ಪೆಟ್ರೋಲ್ ಪೈಪಿನ ದಾರಿ ಹೆಚ್ಚು ದಿನ ತಿಂದಿತು. ಪಂಪನ್ನು ಜಾಗದಿಂದ ಕದಲಿಸುವಂತಿಲ್ಲ, ಎಲೆಕ್ಟ್ರಿಕ್ ಪಂಪ್ ಹಾಕಿ ಅಜ್ಜನ ಗಾಡಿಯ ಟಕಟಕ ಕಳೆಯಲು ಮನಸ್ಸಿಲ್ಲ. ಟ್ಯಾಂಕಿನಿಂದ 8 ಮಿಲಿಮೀಟರಿನ ಸ್ಟೀಲ್ ಪೈಪನ್ನು ಸೈಲೆನ್ಸರ್ ಇಲ್ಲದ ಬದಿಯ ಚಾಸಿಯಲ್ಲೇ ಮುಂದಕ್ಕೆ ತಂದು, ರೇಡಿಯೇಟರ್ ಹಿಂದಿನ ಅಡ್ಡಪಟ್ಟಿಯ ಮೇಲೆ ದಾಟಿಸಿ, ಮುಂದಿನಿಂದ ಪಂಪಿಗೆ ಕೊಟ್ಟೆ. ದಾರಿ ಉದ್ದವಾಯಿತು, ಆದರೆ ಹೆಡರಿನ ಮುಖ ನೋಡುವುದು ಕೊನೆಯ ಒಂದು ಗೇಣು ಮಾತ್ರ. ಚಾಸಿಯಿಂದ ಎಂಜಿನ್ನಿಗೆ ಹಾರುವಲ್ಲಿ ಮೆತ್ತನೆಯ ಹೋಸ್ ಬೇಕು, ಇಲ್ಲದಿದ್ದರೆ ಎಂಜಿನ್ ವಾಲಿದಾಗ ಸ್ಟೀಲ್ ಪೈಪ್ ಮುರಿಯುತ್ತದೆ. ಆ ಹೋಸಿನ ಎರಡೂ ತುದಿ ಹೆಡರಿನ ನೇರ ಮೇಲೆ ಬರದಂತೆ ಮುಂದಕ್ಕಿಟ್ಟೆ. ಜೋಡಣೆ ಎಂದಾದರೂ ಒಸರಿದರೆ ಹನಿ ಬೀಳಬೇಕಾದದ್ದು ನೆಲಕ್ಕೆ, ಕಾದ ಪೈಪಿನ ಮೇಲಲ್ಲ. ಹೋಸ್ ಕೊಳ್ಳುವಾಗ ಮೈಮೇಲೆ ಪೆಟ್ರೋಲ್ ಹೋಸಿನ ದರ್ಜೆ ಹೇಳುವ ಎಸ್‌ಎಇ 30ಆರ್9 ಗುರುತು ಅಚ್ಚಾಗಿದೆಯೇ ನೋಡಿಕೊಂಡೆ. ಈಗ ಬಂಕಿನಲ್ಲಿ ಸಿಗುವುದು ನಮ್ಮದೇ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೂ ತಯಾರಿಸುವ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಪಂಪಿನ ಡಯಾಫ್ರಾಮನ್ನೂ ಅದಕ್ಕೇ ಬದಲಿಸಿದೆ.

ಪಂಪ್ ಮತ್ತು ಕಾರ್ಬೊರೇಟರ್ ನಡುವೆ ಮೂರು ಬಾಯಿಯ ಫಿಲ್ಟರ್ ಹಾಕಿ, ಸಣ್ಣ ತೂತಿನ ಮೂರನೆಯ ಬಾಯಿಯಿಂದ ಒಂದು ಪೈಪನ್ನು ಟ್ಯಾಂಕಿಗೆ ವಾಪಸ್ ಬಿಟ್ಟೆ. ಆ ಬಾಯಿ ಮೇಲ್ಮುಖವಾಗಿರಬೇಕು, ಆವಿ ಮೇಲಕ್ಕೇರುವುದರಿಂದ. ಸ್ವಲ್ಪ ಪೆಟ್ರೋಲ್ ಸದಾ ತಿರುಗುತ್ತಿರುತ್ತದೆ, ಹುಟ್ಟಿದ ಆವಿ ಟ್ಯಾಂಕಿಗೆ ಮರಳುತ್ತದೆ. ಎಂಜಿನ್ನಿನ ಬಿಸಿ ಮೇಲೆ ಹತ್ತದಿರಲೆಂದು ಕಾರ್ಬೊರೇಟರ್ ಅಡಿಗೆ ಬೇಕಲೈಟ್ ಸ್ಪೇಸರ್ ಕೊಟ್ಟೆ.

ಇನ್ನು ತಗಡು. ಒಲೆಯ ಮುಂದೆ ರೊಟ್ಟಿ ಬಡಿಯುವವರ ಮುಖಕ್ಕೆ ಹೊಡೆಯುವ ಝಳ ಗಾಳಿಯಿಂದ ಬರುವುದಲ್ಲ, ಬೆಳಕಿನ ಹಾಗೆ ನೇರ ಬಂದು ಬಡಿಯುತ್ತದೆ. ನಡುವೆ ಒಂದು ಮೊರ ಹಿಡಿದರೆ ತಟ್ಟನೆ ನಿಲ್ಲುತ್ತದೆ. ಹೆಡರಿನ ಝಳವೂ ಹಾಗೇ. ಆದರೆ ಹಿಡಿದ ಮೊರವೂ ನಿಧಾನಕ್ಕೆ ಕಾಯುತ್ತದೆ, ಅದಕ್ಕೇ ಎರಡು ಪದರ ಮಾಡಿದೆ. ಹೆಡರಿನ ಕಡೆಗೆ ತೆಳು ಸ್ಟೇನ್‌ಲೆಸ್ ತಗಡು, ಪಂಪಿನ ಕಡೆಗೆ ಒಂದು ಮಿಲಿಮೀಟರಿನ ಹೊಳೆಯುವ ಅಲ್ಯುಮಿನಿಯಂ, ನಡುವೆ ಸ್ಟೇನ್‌ಲೆಸ್ ಪೈಪಿನ ತುಂಡುಗಳನ್ನಿಟ್ಟು 8 ಮಿಲಿಮೀಟರ್ ಖಾಲಿ ಜಾಗ. ಮೇಲೆ ಕೆಳಗೆ ತೆರೆದೇ ಬಿಟ್ಟೆ, ಬಿಸಿ ಗಾಳಿ ಏರಿ ಹೋಗಲಿ ಎಂದು. ತಗಡನ್ನು ಹೆಡರಿನ ಬೋಲ್ಟಿಗೇ ಕಟ್ಟುವವರಿದ್ದಾರೆ. ಹಾಗೆ ಮಾಡಿದರೆ ಬಿಸಿ ಬೋಲ್ಟಿನ ಮೂಲಕವೇ ನಡೆದು ಬರುತ್ತದೆ. ನಾನು ಚಾಸಿಗೆ ಬ್ರಾಕೆಟ್ ಕೂರಿಸಿ ತಗಡನ್ನು ಅದಕ್ಕೆ ಕಟ್ಟಿದೆ. ಪಂಪಿಗೆ ಬರುವ ಕೊನೆಯ ಗೇಣಿಗೆ ಸಿಲಿಕಾನ್ ಲೇಪದ ಫೈಬರ್‌ಗ್ಲಾಸ್ ತೋಳು ತೊಡಿಸಿದೆ. ಒಂದು ಎಚ್ಚರ: ತೋಳಿನೊಳಗೆ ಪೈಪ್ ಒಸರಿದರೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಜೋಡಣೆಯ ಮೇಲೆ ಅದನ್ನು ಎಳೆಯಬಾರದು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇಡೀ ಕಟ್ಟನ್ನು ಎದುರು ಬದಿಗೆ ಸಾಗಿಸಿದೆ. ಹೆಡರಿನ ಸುತ್ತ ಒಂದೂ ಪ್ಲಾಸ್ಟಿಕ್ ಟೈ ಇಲ್ಲ, ರಬ್ಬರ್ ಕ್ಲಿಪ್ಪೂ ಇಲ್ಲ.

ಕೆಲಸ ಮುಗಿದ ಮೇಲೆ ಮುಟ್ಟದೆ ದೂರದಿಂದಲೇ ಬಿಸಿ ಓದುವ ಗನ್ ಥರ್ಮಾಮೀಟರಿನಿಂದ ಅಳೆಯಹೋಗಿ ಮೋಸಹೋದೆ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು 38 ತೋರಿಸಿತು, ಕೈ ಇಟ್ಟರೆ ಸುಟ್ಟಿತು. ಹೊಳೆಯುವ ಲೋಹ ತನ್ನ ಬಿಸಿಯನ್ನು ಸರಿಯಾಗಿ ಹೊರಸೂಸುವುದಿಲ್ಲ, ಉಪಕರಣ ಓದುವುದು ಎದುರಿನ ವಸ್ತುವಿನ ಪ್ರತಿಫಲನವನ್ನು. ಅಳೆಯುವ ಕಡೆಯೆಲ್ಲ ಮ್ಯಾಟ್ ಕಪ್ಪು ಪೇಂಟಿನ ಚುಕ್ಕೆ ಇಟ್ಟು, ಎಂಜಿನ್ ಬಂದ್ ಮಾಡಿದ ಮೇಲೆ ಐದೈದು ನಿಮಿಷಕ್ಕೊಮ್ಮೆ ಓದಿ ಬರೆದುಕೊಂಡೆ. ಪಂಪಿನ ಬಾಯಿಯ ಹತ್ತಿರ, ತಗಡು ತೆಗೆದಾಗ 74ಕ್ಕೇರಿದ್ದು ತಗಡಿದ್ದಾಗ 51ಕ್ಕೆ ನಿಂತಿತು.

ಬೆಳಗಾವಿಯ ತಂಪಿನಲ್ಲಿ ಪಾಸಾದರೆ ಅದು ಪರೀಕ್ಷೆಯಲ್ಲ. ಮೇ ತಿಂಗಳಲ್ಲಿ ಯರಗಟ್ಟಿ, ಲೋಕಾಪುರ, ಬಾಗಲಕೋಟೆ ಮಾರ್ಗವಾಗಿ ವಿಜಯಪುರಕ್ಕೆ ಹೊರಟೆ, ಹಿಂದಿನ ಸೀಟಿನಡಿ ಅಗ್ನಿಶಾಮಕ ಸಿಲಿಂಡರ್, ಒಂದು ಕೊಡ ನೀರು, ಎರಡು ಅರಿವಿ. ಲೋಕಾಪುರದಲ್ಲಿ ಮಧ್ಯಾಹ್ನ ಒಂದಕ್ಕೆ ಬಿಸಿಲಿನಲ್ಲೇ ನಿಲ್ಲಿಸಿ, ಊಟ ಮಾಡದೆ ಗಡಿಯಾರ ಹಿಡಿದು ಕೂತೆ. ಹದಿನೈದು ನಿಮಿಷಕ್ಕೆ ಸ್ಟಾರ್ಟರ್ ಒತ್ತಿದೆ, ಎರಡನೆಯ ಸುತ್ತಿಗೆ ಹತ್ತಿತು. ಬಂದ್ ಮಾಡಿ, ಮತ್ತೆ ಹತ್ತು ನಿಮಿಷ, ಮತ್ತೆ ಹತ್ತಿತು. ಆಮೇಲೆ ರೊಟ್ಟಿ ತಿಂದೆ. ಕೊಲ್ಹಾರದ ಕೃಷ್ಣೆಯ ಸೇತುವೆ ದಾಟಿ ಸಂಜೆ ವಿಜಯಪುರ ಮುಟ್ಟಿದಾಗ ಅರಿವಿ ಎರಡೂ ಒಣಗಿಯೇ ಇದ್ದವು.

ಮರಳಿ ಬಂದು ಕೆಳಗೆ ಮಲಗಿ ನೋಡಿದರೆ ತಗಡಿನ ಬ್ರಾಕೆಟ್ಟಿನ ಒಂದು ನಟ್ ಅರ್ಧ ಸುತ್ತು ಸಡಿಲಾಗಿತ್ತು. ನೈಲಾನ್ ಲಾಕ್ ನಟ್ ಆ ಬಿಸಿಗೆ ತಡೆಯುವುದಿಲ್ಲ, ಪೂರ್ತಿ ಲೋಹದ ಲಾಕ್ ನಟ್ ಹಾಕಿ, ಮೇಲೆ ಹಳದಿ ಪೇಂಟಿನ ಗೆರೆ ಎಳೆದಿದ್ದೇನೆ. ಪ್ರತಿ ಭಾನುವಾರ ಟಾರ್ಚ್ ಹಿಡಿದು ಆ ಗೆರೆ ಕೂಡಿಕೊಂಡಿದೆಯೇ ಎಂದು ನೋಡುವ ಕೆಲಸ ಈಗ ಅಣ್ಣನ ಮಗನದು.